ಗಂಡಾಂತರ ದಾಟಿದ ಬಾಣಂತಿ ಮತ್ತು ಅವಳ ಮನೆ

ಬಸಿರಿನಲ್ಲಿ, ಹೆರಿಗೆಯಲ್ಲಿ ಅಥವಾ ಹೆರಿಗೆಯಾದ 42 ದಿನಗಳೊಳಗೆ ಜೀವಕ್ಕೆ ಎರವಾಗುವಂಥ ತೊಡಕಿಗೆ ಸಿಕ್ಕು ಬದುಕಿ ಬಂದ ತಾಯಂದಿರನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಿಂದ ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯುತ್ತ ಬಂದಿದೆ. ಭಾರತ ಸರ್ಕಾರವೂ 2014ರ ಡಿಸೆಂಬರಿನಲ್ಲಿ ಇಂಥ ಪ್ರಕರಣಗಳ ಪರಿಶೀಲನೆಗೆ ಮಾರ್ಗಸೂಚಿ ಹೊರಡಿಸಿತು. ಎಲ್ಲಿ ತಡವಾಯಿತು, ಔಷಧಿ ಇತ್ತೋ ಇಲ್ಲವೋ, ರಕ್ತ ಸಿಕ್ಕಿತೋ ಇಲ್ಲವೋ ಎಂಬುದನ್ನು ಬದುಕಿದವಳಿಂದಲೇ ತಿಳಿಯುವುದು ಅದರ ಉದ್ದೇಶ. ಆಸ್ಪತ್ರೆಯ ಮಟ್ಟಿಗೆ ಇದು ಬಹಳ ಒಳ್ಳೆಯ ಕೆಲಸ. ಆದರೆ ಆ ಹೆಣ್ಣುಮಗಳು ಮನೆಗೆ ಹೋದ ಮೇಲೆ ಏನಾಯಿತು, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ, ಮತ್ತೆ ಬಸುರಾಗಲು ಹೆದರುತ್ತಾಳೋ ಏನೋ, ಗಂಡ ಮತ್ತು ಅತ್ತೆ ಹೇಗಿದ್ದಾರೆ ಎಂದು ವಿಚಾರಿಸಲು ಆ ಪರಿಶೀಲನೆಯನ್ನು ರೂಪಿಸಿಲ್ಲ.

ಹೀಗೆ ಬದುಕಿ ಬರುವವರು ಈಗ ಹೆಚ್ಚಾಗಿದ್ದಾರೆ. ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ದಕ್ಷಿಣದ ರಾಜ್ಯಗಳಲ್ಲಿ ಇದೇ ಹೆಚ್ಚಿನದು ಎಂಬುದು ನಿಜ. ಕೇರಳದ್ದು ಆಗ 19, ತಮಿಳುನಾಡಿನದು 54. ಆದರೂ ಇಳಿಕೆ ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಮೊದಲಾಗಿದ್ದರೆ ಮನೆಯಲ್ಲೋ ದಾರಿಯಲ್ಲೋ ಕಣ್ಣು ಮುಚ್ಚುತ್ತಿದ್ದವರು ಈಗ ಹೊಲಿಗೆ ಹಾಕಿಸಿಕೊಂಡು, ರಕ್ತ ಏರಿಸಿಕೊಂಡು ಮನೆಗೆ ಮರಳುತ್ತಿದ್ದಾರೆ. ಕೆಲವರ ಮಡಿಲಲ್ಲಿ ಕೂಸು ಇರುತ್ತದೆ, ಕೆಲವರ ಮಡಿಲಲ್ಲಿ ಇರುವುದಿಲ್ಲ. ಈ ಎರಡೂ ಬಗೆಯ ಮನೆಗಳಿಗೆ ಬೇಕಾದ ಆಸರೆ ಒಂದೇ ತೆರನಾದದ್ದಲ್ಲ.

ಇಂಥ ತೊಡಕುಗಳಲ್ಲಿ ಎರಡು ಮುಖ್ಯ: ರಕ್ತಸ್ರಾವ ಮತ್ತು ಬಸಿರಿನ ರಕ್ತದೊತ್ತಡ. ಎರಡನೆಯದನ್ನು ವೈದ್ಯರು ಗರ್ಭನಂಜು ಎನ್ನುತ್ತಾರೆ. ಊರಲ್ಲಿ ‘ಬಿಪಿ ಆತು’ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಬಸಿರಿಗೆ ಐದು ತಿಂಗಳು ತುಂಬಿದ ಮೇಲೆ ರಕ್ತದೊತ್ತಡ 140/90ಕ್ಕೆ ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅಥವಾ ಯಕೃತ್ತು, ಮೂತ್ರಪಿಂಡಗಳಿಗೆ ಪೆಟ್ಟು ಬೀಳತೊಡಗಿದರೆ ಅದು ಗರ್ಭನಂಜು. 160/110 ದಾಟಿದರೆ ತುರ್ತು. ಬೇನೆಯ ಬೇರು ಇರುವುದು ಮಾಸಿನಲ್ಲಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ರಕ್ತನಾಳಗಳು ಸರಿಯಾಗಿ ಅಗಲವಾಗದೆ ಮಾಸಿಗೆ ಸಾಕಷ್ಟು ರಕ್ತ ಸಿಗುವುದಿಲ್ಲ. ಅದು ತಾಯಿಯ ರಕ್ತಕ್ಕೆ ಬಿಡುವ ವಸ್ತುಗಳು ಮೈಯ ರಕ್ತನಾಳಗಳನ್ನೆಲ್ಲ ಕೆಡಿಸುತ್ತವೆ. ತಲೆ ಸಿಡಿದಂತೆ ನೋಯುವುದು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಬಾಯುವುದು, ಮೂತ್ರ ಕಡಿಮೆಯಾಗುವುದು, ಕೂಸು ಆಡುವುದು ಕಡಿಮೆಯಾಗುವುದು, ಇವೆಲ್ಲ ಅದರ ಲಕ್ಷಣ. ಇನ್ನೂ ಮುಂದಕ್ಕೆ ಹೋದರೆ ಫಿಟ್ಸ್ ಬರುತ್ತದೆ.

ಇದೇ ಬೇನೆಯ ಒಂದು ಉಗ್ರ ರೂಪಕ್ಕೆ ಅಮೆರಿಕದ ವೈದ್ಯ ಲೂಯಿ ವೈನ್‌ಸ್ಟೀನ್ 1982ರಲ್ಲಿ ಹೆಲ್ಪ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅದರಲ್ಲಿ ರಕ್ತಕಣಗಳು ಒಡೆಯುತ್ತವೆ, ಯಕೃತ್ತು ಕೆಡುತ್ತದೆ, ಪ್ಲೇಟ್ಲೆಟ್ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗೆ ಬೀಳುತ್ತದೆ. ಬಲಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಹೊಟ್ಟೆ ತೊಳಸುವುದು ಬಿಟ್ಟರೆ ಬೇರೆ ಲಕ್ಷಣ ಕಾಣದೇ ಇರಬಹುದು. ಬಿಪಿಯೂ ಬಹಳ ಏರಿರದೆ ಹೋಗಬಹುದು. ಆದ್ದರಿಂದ ‘ಪಿತ್ತ ಆಗೇತಿ’, ‘ಗ್ಯಾಸ್ ತುಂಬೇತಿ’ ಎಂದು ಜೀರಿಗೆ ಕಷಾಯ ಕೊಟ್ಟು ಮಲಗಿಸಿದ ಮನೆಗಳಿವೆ. ಆ ಮನೆಯವರು ತಪ್ಪು ಮಾಡಿದರೆಂದು ಹೇಳುವಂತಿಲ್ಲ. ರಕ್ತ ಪರೀಕ್ಷೆಯಿಲ್ಲದೆ ವೈದ್ಯರಿಗೂ ಅದು ಗೊತ್ತಾಗುವುದು ಕಷ್ಟ. ಈ ಒಂದು ಸಂಗತಿಯನ್ನು ಯಾರಾದರೂ ಬಿಡಿಸಿ ಹೇಳಿದರೆ, ವರ್ಷಗಟ್ಟಲೆ ತಮ್ಮನ್ನೇ ಹಳಿದುಕೊಳ್ಳುವ ಎಷ್ಟೋ ತಾಯಂದಿರ, ಅತ್ತೆಯಂದಿರ ಎದೆಯ ಭಾರ ಅಂದೇ ಅರ್ಧ ಇಳಿಯುತ್ತದೆ.

ಇಂಥ ಗಂಡಾಂತರ ಬಂದಾಗ ಹಾವೇರಿ ಜಿಲ್ಲೆಯ ಬಸುರಿಯರನ್ನು ಎಲ್ಲಿಗೆ ಒಯ್ಯುತ್ತಾರೆ? ಈ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರ ಆಗಸ್ಟ್ 24ರಂದು. ಜಿಲ್ಲೆ ಬೇರೆಯಾದರೂ ದೊಡ್ಡ ಕಾಯಿಲೆಯ ದಾರಿ ಮಾತ್ರ ಹುಬ್ಬಳ್ಳಿಯ ಕಡೆಗೇ ಉಳಿಯಿತು. 1957ರಲ್ಲಿ ಆರಂಭವಾದ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜನರ ಬಾಯಲ್ಲಿ ಕಿಮ್ಸ್, ಇಂದಿಗೂ ಈ ಭಾಗದ ಕೊನೆಯ ಭರವಸೆ. ಶಿಗ್ಗಾವಿ ಹೆದ್ದಾರಿಯ ಮೇಲಿದೆ, ಅಲ್ಲಿಂದ ಹುಬ್ಬಳ್ಳಿಗೆ ಗಾಡಿ ನೇರ ಓಡುತ್ತದೆ. ಹಾನಗಲ್ಲಿನಿಂದ, ಸವಣೂರಿನಿಂದ ಮೊದಲು ಹಾವೇರಿಯ ಜಿಲ್ಲಾ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಹುಬ್ಬಳ್ಳಿ. ಹಿರೇಕೆರೂರಿನವರು ದಾವಣಗೆರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗುವುದೂ ಉಂಟು. ಈಚಿನ ವರ್ಷಗಳಲ್ಲಿ ಹಾವೇರಿಗೂ ವೈದ್ಯಕೀಯ ಕಾಲೇಜು ಬಂದಿದೆ. 2008ರ ನವೆಂಬರಿನಿಂದ 108 ಆಂಬುಲೆನ್ಸ್ ಓಡುತ್ತಿದೆ. ಹಾನಗಲ್ಲಿನ ಕಾಡಂಚಿನ ಹಳ್ಳಿಗಳಲ್ಲಿ, ಮುಂಗಾರಿನ ಕೆಸರಿನಲ್ಲಿ, ಆ ಗಾಡಿ ಓಣಿಯ ತುದಿಯ ತನಕ ಬಂದರೆ ಅದೇ ಪುಣ್ಯ.

ಈ ದಾರಿಯಲ್ಲಿ ಜೀವ ಉಳಿಸುವ ಔಷಧಿ ದುಬಾರಿಯದಲ್ಲ. ಮೆಗ್ನೀಷಿಯಂ ಸಲ್ಫೇಟ್ ಫಿಟ್ಸ್ ಬರುವ ಸಂಭವವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂದು 33 ದೇಶಗಳ 10,000ಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ ತೋರಿಸಿತು. ಫಿಟ್ಸ್ ಬಂದವಳಿಗೆ ಮುಂದಿನ ಆಸ್ಪತ್ರೆಗೆ ಕಳಿಸುವ ಮೊದಲೇ 10 ಗ್ರಾಂ ಮೊದಲ ಡೋಸನ್ನು, ಎರಡೂ ಬದಿಯ ಪೃಷ್ಠಕ್ಕೆ ಐದೈದು ಗ್ರಾಂನಂತೆ, ಕಿರಿಯ ಆರೋಗ್ಯ ಸಹಾಯಕಿಯೇ ಕೊಡಬಹುದೆಂದು ಕೇಂದ್ರದ ಮಾರ್ಗಸೂಚಿ ಇದೆ. ಮನೆಯವರಿಗೆ ಇದು ಗೊತ್ತಿದ್ದರೆ ಕೇಳಿ ಹಾಕಿಸಿಕೊಳ್ಳಬಹುದು. ಫಿಟ್ಸ್ ಬಂದಾಗ ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಗಾಳಿ ಸೋಕಿತೆಂದು ಅಂತ್ರ ಕಟ್ಟಿಸಲು ಓಡುವುದು ಇಂದಿಗೂ ನಿಂತಿಲ್ಲ. ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, 108ಕ್ಕೆ ಕರೆ ಮಾಡುವುದೇ ಆ ಹೊತ್ತಿನ ಕೆಲಸ.

ರಕ್ತಸ್ರಾವದ ವಿಷಯದಲ್ಲಿ ಉತ್ತರ ಕರ್ನಾಟಕ ಜಗತ್ತಿಗೇ ಒಂದು ಪಾಠ ಕೊಟ್ಟಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಲ್ಲಿನ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರ ಕೈಯಲ್ಲೇ ಮಿಸೊಪ್ರಾಸ್ಟಾಲ್ ಮಾತ್ರೆ ಕೊಡಿಸಿ ನೋಡಿದರು. ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಆ ಫಲಿತಾಂಶ ಅನೇಕ ದೇಶಗಳ ನೀತಿಗೆ ಆಧಾರವಾಯಿತು.

ದೊಡ್ಡಾಸ್ಪತ್ರೆಗೆ ಮುಟ್ಟಿದ ಮೇಲೆ ಮನೆ ಎರಡು ಪಾಲಾಗುತ್ತದೆ. ‘ಬಿಪಿ ಬಾಳ ಏರೇತಿ, ಇಲ್ಲಿ ಆಗಂಗಿಲ್ರಿ, ಮುಂದ ಒಯ್ರಿ’ ಎಂಬ ಮಾತು ಕೇಳಿ ಉಟ್ಟ ಬಟ್ಟೆಯಲ್ಲೇ ಹೊರಟವರು ಅವರು. ತಾಯಿ ತೀವ್ರ ನಿಗಾ ಘಟಕದಲ್ಲಿ, ಏಳು ತಿಂಗಳಿಗೇ ಹೊರತೆಗೆದ ಕೂಸು ಗಾಜಿನ ಪೆಟ್ಟಿಗೆಯಲ್ಲಿ. ಗಂಡ ರಕ್ತ ಹೊಂದಿಸಲು ಓಡುತ್ತಾನೆ. ಗಂಡನಿಂದಲೋ ತಂದೆಯಿಂದಲೋ ಸಹಿ ಕೇಳುವಾಗ ‘ತಾಯಿ ಉಳಿಯುವುದು ಮೊದಲು’ ಎಂದು ವೈದ್ಯರು ಹೇಳಿರುತ್ತಾರೆ. ಆ ಸಹಿ ಹಾಕಿದ ಕೈ ಮುಂದೆ ಬಹಳ ದಿನ ನಡುಗುತ್ತದೆ. ತವರಿನ ತಾಯಿ ವಾರ್ಡಿನ ಬಾಗಿಲಲ್ಲಿ, ಅತ್ತೆ ಮಕ್ಕಳ ಘಟಕದ ಬಾಗಿಲಲ್ಲಿ ಕೂಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಹೆರಿಗೆ ತವರಿನದು. ಹೀಗಾಗಿ ಹೆಚ್ಚುಕಡಿಮೆಯಾದಾಗ ‘ನಿಮ್ಮ ಮನೆಯಾಗ ಆತು’ ಎಂಬ ಮಾತು ಬೀಗರ ನಡುವೆ ಬಂದೇ ಬರುತ್ತದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಹುಟ್ಟಿದ ಆ ಮುನಿಸು ನಾಮಕರಣದ ದಿನಕ್ಕೂ ಕರಗದೆ ಉಳಿದ ಉದಾಹರಣೆಗಳು ಬೇಕಾದಷ್ಟಿವೆ.

ಈ ದಿನಗಳಲ್ಲಿ ಮನೆಯವರಿಗೆ ಒಂದು ಕೆಲಸ ಕೊಟ್ಟರೆ ಅವರು ನಿಲ್ಲುತ್ತಾರೆ. ತಾಯಿಯ ಹಾಲನ್ನು ಹಿಂಡಿ ಕುದಿಸಿದ ಸ್ಟೀಲ್ ಬಟ್ಟಲಲ್ಲಿ ಕೂಸಿಗೆ ಮುಟ್ಟಿಸುವುದು ಅಂಥ ಒಂದು ಕೆಲಸ. ಮೊದಮೊದಲು ಬಟ್ಟಲ ತಳವೂ ಮುಚ್ಚದಷ್ಟು ಹಾಲು ಬರುತ್ತದೆ. ಒಂದೂವರೆ ಕಿಲೋದ ಕೂಸಿಗೆ ಅಷ್ಟೇ ದೊಡ್ಡದು. ಇನ್ನೊಂದು, ಕಾಂಗರೂ ಆರೈಕೆ: ಕೂಸನ್ನು ಬರಿ ಎದೆಗೆ ನೆಟ್ಟಗೆ ಅವಚಿಕೊಂಡು ಗಂಟೆಗಟ್ಟಲೆ ಕೂಡುವುದು. 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದಿದ್ದಾಗ ಶುರುವಾದ ಈ ಪದ್ಧತಿಯನ್ನು ಹುಟ್ಟಿದ ಕೂಡಲೇ ಆರಂಭಿಸಿದರೆ ಕಡಿಮೆ ತೂಕದ ಕೂಸುಗಳ ಸಾವು ಕಾಲುಭಾಗ ಇಳಿಯುತ್ತದೆಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತೋರಿಸಿತು. ಬಾಣಂತಿ ಏಳಲಾರದ ಸ್ಥಿತಿಯಲ್ಲಿದ್ದರೆ ಅಜ್ಜಿ, ಚಿಗವ್ವ, ಅಪ್ಪ ಯಾರು ಬೇಕಾದರೂ ಎದೆಗೊಡಬಹುದು. ಅಂಗಿ ಬಿಚ್ಚಿ ಕೂಸನ್ನು ಎದೆಗಿಟ್ಟುಕೊಳ್ಳಲು ಹಳ್ಳಿಯ ಗಂಡಸು ಮೊದಲ ದಿನ ನಾಚುತ್ತಾನೆ. ಎರಡನೆಯ ದಿನ ಪಾಳಿ ಯಾವಾಗ ಎಂದು ತಾನೇ ಕೇಳುತ್ತಾನೆ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಭೇಟಿ ಕೊಡಬೇಕೆಂಬ ನಿಯಮವಿದೆ. ಕೂಸು ಹೆಚ್ಚು ದಿನ ಆಸ್ಪತ್ರೆಯಲ್ಲಿದ್ದರೆ ಉಳಿದ ಭೇಟಿಗಳು ಬಿಡುಗಡೆಯ ನಂತರ ನಡೆಯಬೇಕು. ಅವಳ ಕೈಯಲ್ಲಿ ತಕ್ಕಡಿ, ಥರ್ಮಾಮೀಟರು ಇರುತ್ತವೆ. ಕೂಸಿನ ತೂಕ, ಮೈಬಿಸಿ, ಹೊಕ್ಕುಳು ನೋಡುತ್ತಾಳೆ. ಕೂಸೇ ಇಲ್ಲದ ಮನೆಗೆ ಏನು ಹಿಡಿದುಕೊಂಡು ಹೋಗಬೇಕು? ಇಲ್ಲಿ ವ್ಯವಸ್ಥೆಗೆ ಮಾತು ತಪ್ಪುತ್ತದೆ, ಊರಿಗೂ ತಪ್ಪುತ್ತದೆ. ಹುಟ್ಟುವ ಮೊದಲೇ ಹೋದ ಕೂಸನ್ನು ತಾಯಿಗೆ ತೋರಿಸದೆ, ಗಂಡಸರು ನಾಲ್ಕು ಜನ ಹೋಗಿ ಮಣ್ಣು ಮಾಡಿ ಬರುತ್ತಾರೆ. ಅವಳಿಗೆ ನೋವಾಗಬಾರದೆಂಬ ಕಾಳಜಿಯೇ ಅದರ ಹಿಂದಿದೆ. ಆದರೆ ಮುಖ ನೋಡಲಿಲ್ಲವೆಂಬ ಕೊರಗು ಎಷ್ಟೋ ತಾಯಂದಿರಲ್ಲಿ ಹತ್ತು ವರ್ಷವಾದರೂ ಹೋಗಿರುವುದಿಲ್ಲ. ಅವಳನ್ನೇ ಕೇಳುವುದು ಸರಿ: ನೋಡುತ್ತೀಯಾ, ಎತ್ತಿಕೊಳ್ಳುತ್ತೀಯಾ, ಹೆಸರಿಡುತ್ತೀಯಾ ಎಂದು. ಬೇಡವೆಂದರೆ ಒತ್ತಾಯವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸತ್ತು ಹುಟ್ಟಿದ ಕೂಸನ್ನೂ ನೋಂದಾಯಿಸಬೇಕು. ಆ ಕೂಸು ಇತ್ತೆಂಬುದಕ್ಕೆ ಅನೇಕ ಮನೆಗಳಲ್ಲಿ ಅದೊಂದೇ ಕಾಗದ.

ಇನ್ನೊಂದು ಸಂಗತಿಯನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಕೂಸು ಇರಲಿ ಇಲ್ಲದಿರಲಿ, ಹೆರಿಗೆಯಾದ ಎರಡು ಮೂರು ದಿನಕ್ಕೆ ಎದೆಗೆ ಹಾಲಿಳಿಯುತ್ತದೆ. ಎದೆ ಕಲ್ಲಾಗಿ, ಕುಪ್ಪಸ ತೊಯ್ದು, ಆ ಹೆಣ್ಣುಮಗಳು ಕಂಗಾಲಾಗುತ್ತಾಳೆ. ತಂಪು ಬಟ್ಟೆ, ಬಿಗಿಯಾದ ಆದರೆ ಉಸಿರುಗಟ್ಟಿಸದ ಒಳಉಡುಪು, ನೋವಿಗೆ ಮಾತ್ರೆ, ಇಷ್ಟರಲ್ಲೇ ಕೆಲವು ದಿನಕ್ಕೆ ಇಳಿಯುತ್ತದೆ. ಹಾಲು ನಿಲ್ಲಿಸುವ ಕೆಲವು ಮಾತ್ರೆಗಳು ಬಿಪಿ ಏರಿದ್ದವರಿಗೆ ಆಗಿಬರುವುದಿಲ್ಲ. ಅಂಗಡಿಯಿಂದ ತಂದು ಕೊಡದೆ ವೈದ್ಯರನ್ನು ಕೇಳಬೇಕು.

ಸಮಾಧಾನದ ಮಾತುಗಳಲ್ಲೂ ಎರಡು ಬಗೆ. ‘ಹೋಗ್ಲಿ ಬಿಡವಾ, ಇನ್ನೂ ಸಣ್ಣಾಕಿ ಅದಿ, ಮತ್ತೊಂದು ಆಕ್ಕತಿ’ ಎಂಬುದು ಎಲ್ಲರೂ ಹೇಳುವ ಮಾತು. ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಹೋದ ಕೂಸಿಗೆ ಲೆಕ್ಕವೇ ಇಲ್ಲವೆಂದು ಕೇಳುವವಳಿಗೆ ಅನಿಸುತ್ತದೆ. ‘ಹೆಂಗಿತ್ತವಾ ಕೂಸು, ಯಾರಂಗ ಇತ್ತು?’ ಎಂದು ಕೇಳುವ ನೆರೆಯವಳು ಅವಳನ್ನು ಅಳಿಸುತ್ತಾಳೆ. ಆ ಅಳುವೇ ಬೇಕಾಗಿರುತ್ತದೆ. ಪಾಪ, ಕರ್ಮ, ಗ್ರಹಣ ನೋಡಿದ್ದು, ದೃಷ್ಟಿ ತಾಗಿದ್ದು ಎಂದು ಕಾರಣ ಹುಡುಕುವವರಿಗೆ ಉತ್ತರ ಒಂದೇ: ಇದು ಮಾಸಿನ ಬೇನೆ, ಅವಳು ಉಂಡದ್ದರಿಂದಲ್ಲ, ನಡೆದದ್ದರಿಂದಲ್ಲ, ನೋಡಿದ್ದರಿಂದಲ್ಲ.

ಕೂಸು ಉಳಿದ ಮನೆಯಲ್ಲೂ ಎಲ್ಲ ಸರಿಯಾಯಿತೆಂದು ತಿಳಿಯಬಾರದು. ‘ಜೀವ ಉಳೀತಲ್ಲ, ಇನ್ನೇನು’ ಎಂದು ಊರು ಹೇಳುವಾಗ, ಬಾಣಂತಿಗೆ ಆಂಬುಲೆನ್ಸಿನ ಸದ್ದು ಕೇಳಿದರೆ ಬೆವರು ಬರುತ್ತಿರುತ್ತದೆ. ಕೆಲವರಿಗೆ ಫಿಟ್ಸ್ ಬಂದ ಮೇಲಿನ ಮೂರು ನಾಲ್ಕು ದಿನಗಳ ನೆನಪೇ ಇರುವುದಿಲ್ಲ. ತಾನು ಹೆತ್ತದ್ದೇ ನೆನಪಿಲ್ಲದೆ ಕೂಸು ತನ್ನದು ಹೌದೋ ಅಲ್ಲವೋ ಎಂಬ ಅಳುಕು. ಇದನ್ನು ಬಾಯಿಬಿಟ್ಟು ಹೇಳಿದರೆ ಹುಚ್ಚಿ ಎಂದಾರೆಂಬ ಭಯ. ಹದಿನೈದು ದಿನ ಕಳೆದರೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಕೂಸಿನ ಕಡೆ ಮನಸ್ಸು ಹೋಗುವುದಿಲ್ಲ, ಬದುಕು ಬೇಡವೆನಿಸುತ್ತದೆ ಎಂದಾದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ. ಇದನ್ನು ಪತ್ತೆ ಹಚ್ಚಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಕನ್ನಡ ರೂಪವನ್ನು ಕರ್ನಾಟಕದ ಗ್ರಾಮೀಣ ಬಸುರಿಯರಲ್ಲಿ ಪರೀಕ್ಷಿಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹತ್ತು ನಿಮಿಷದ ಕೆಲಸ ಅದು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ನಡೆಯಬೇಕು. ಇಲ್ಲದ್ದು ಕಂಡಂತೆ ಮಾತಾಡುವುದು, ದಿಕ್ಕೆಟ್ಟು ಓಡುವುದು, ಊರವರು ಬಾಣಂತಿ ಸನ್ನಿ ಎನ್ನುವ ಸ್ಥಿತಿ, ಇದು ತುರ್ತು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಯುತ್ತದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಕೂಸನ್ನು ಬೇರ್ಪಡಿಸದೆ ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ. ಎಲ್ಲಿಗೂ ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್ ಸೇವೆ ಅದು, ಹಣ ಕೊಡಬೇಕಿಲ್ಲ.

ವೈದ್ಯರು ಮಾಡುವುದು ಇಷ್ಟು. ಆದರೆ ಬಾಣಂತಿಗೆ ಮೊದಲು ಧೈರ್ಯ ಬರುವುದು ಅದೇ ದಾರಿ ತುಳಿದು ಬಂದ ಇನ್ನೊಬ್ಬಳನ್ನು ಕಂಡಾಗ. ‘ನನಗೂ ಹಿಂಗ ಆಗಿತ್ತವಾ, ಈಗ ನೋಡು, ಆರಾಮ ಅದೀನಿ’ ಎಂಬ ಮಾತನ್ನು ಯಾವ ವೈದ್ಯರೂ ಹೇಳಲಾರರು. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಗರ್ಭನಂಜು ದಾಟಿದ ತಾಯಂದಿರೇ ಸೇರಿ ಸಂಸ್ಥೆಗಳನ್ನು ಕಟ್ಟಿಕೊಂಡಿದ್ದಾರೆ. 2017ರಿಂದ ಮೇ 22 ಅನ್ನು ಗರ್ಭನಂಜಿನ ಅರಿವಿನ ದಿನವಾಗಿ ಆಚರಿಸುತ್ತಾರೆ. ಹಾನಗಲ್ಲಿಗೆ, ಹಿರೇಕೆರೂರಿಗೆ ಅಂಥ ಹೊಸ ಸಂಸ್ಥೆ ಬೇಕಾಗಿಲ್ಲ. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟ, ಧರ್ಮಸ್ಥಳ ಸಂಘ ಎಂದು ವಾರಕ್ಕೊಮ್ಮೆ ಹೆಣ್ಣುಮಕ್ಕಳು ಕೂಡುವ ಜಾಗಗಳು ಪ್ರತಿ ಓಣಿಯಲ್ಲೂ ಆಗಲೇ ಇವೆ. ಸಾಲದ ಕಂತು ಕಟ್ಟಿ, ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಅರ್ಧ ಗಂಟೆ ಈ ಮಾತಿಗೆ ಸಿಕ್ಕರೆ ಸಾಕು.

ಇದು ಬರಿ ಆಸೆಯ ಮಾತಲ್ಲ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕ್‌ಜುಟ್ ಸಂಸ್ಥೆ 2005ರಿಂದ 2008ರ ವರೆಗೆ ನಡೆಸಿದ ಪ್ರಯೋಗದಲ್ಲಿ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಕೂಡಿ ಬಸಿರು, ಬಾಣಂತನದ ತೊಡಕುಗಳನ್ನು ತಾವೇ ಚರ್ಚಿಸಿ ತಾವೇ ದಾರಿ ಹುಡುಕಿದರು. ಅಂಥ ಗುಂಪುಗಳಿದ್ದ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 32ರಷ್ಟು ಕಡಿಮೆಯಾಯಿತು. ಮೂರನೆಯ ವರ್ಷದ ಹೊತ್ತಿಗೆ ತಾಯಂದಿರ ಮಧ್ಯಮ ಮಟ್ಟದ ಖಿನ್ನತೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ನೆರೆಯ ಗೋವಾದಲ್ಲಿ ಅದೇ ಊರಿನ ಸಾಮಾನ್ಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಖಿನ್ನತೆಯಲ್ಲಿದ್ದ ಬಸುರಿಯರ ಮನೆಗೆ ಕಳಿಸಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಪರಿಣಾಮ ಸಾಧಾರಣವಾಗಿದ್ದರೂ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸವೆಂದು ಗೊತ್ತಾಯಿತು.

ಹೀಗೆ ಬಾಣಂತಿಯ ಮನೆಗೆ ಸಂಗಾತಿಯಾಗಿ ಹೋಗುವವಳು ಕೆಲವು ಎಚ್ಚರ ವಹಿಸಬೇಕು. ಮೊದಲು ತನ್ನ ಕತೆಯನ್ನೇ ಹೇಳುತ್ತ ಕೂಡಬಾರದು, ಕೇಳುವುದು ಮುಖ್ಯ. ಕೂಸು ಕಳೆದುಕೊಂಡವಳ ಹತ್ತಿರ ತನ್ನ ಕೂಸನ್ನು ಎತ್ತಿಕೊಂಡು ಹೋಗಬಾರದು, ಆಕೆಯೇ ಕೇಳುವ ತನಕ. ಔಷಧಿಯ ಸಲಹೆ ಕೊಡಬಾರದು. ಕೇಳಿದ ಮಾತನ್ನು ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ ಆಡಬಾರದು. ಸವಣೂರಿನ ಉರ್ದು ಮಾತಾಡುವ ಮನೆಗೆ ಅದೇ ಭಾಷೆಯವಳು, ಶಿಗ್ಗಾವಿ ಕಡೆಯ ತಾಂಡಾಗಳಿಗೆ ಲಂಬಾಣಿ ಬಲ್ಲವಳು ಹೋದರೆ ಮಾತು ಬೇಗ ತೆರೆಯುತ್ತದೆ. ಗಂಡಸರನ್ನು ಬಿಡಬಾರದು. ಸಾಲ ಮಾಡಿ, ಕೂಲಿ ಬಿಟ್ಟು, ಆಸ್ಪತ್ರೆಯ ಹೊರಗೆ ಮಲಗಿ ಬಂದ ಗಂಡ ಯಾರ ಮುಂದೆಯೂ ಅಳಲಾರ. ಅದೇ ಪಾಡು ಪಟ್ಟ ಇನ್ನೊಬ್ಬ ಗಂಡಸು ಚಹಾದಂಗಡಿಯ ಕಟ್ಟೆಯ ಮೇಲೆ ಜೊತೆಗೆ ಕೂತರೆ ಅವನೂ ಬಾಯಿ ತೆರೆಯುತ್ತಾನೆ.

ಖರ್ಚಿನ ವಿಷಯ ಚಿಕ್ಕದಾಗಿ ಹೇಳಬಹುದು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಾಟ, ಮನೆಗೆ ಬಿಡುವ ಗಾಡಿ ಎಲ್ಲವೂ ಉಚಿತ. ಕಾಯಿಲೆಯಾದ ಕೂಸಿಗೆ ಒಂದು ವರ್ಷದ ತನಕ ಉಚಿತ. ಕೇಳುವುದು ಭಿಕ್ಷೆಯಲ್ಲ.

ಗರ್ಭನಂಜು ಹೆರಿಗೆಯೊಂದಿಗೆ ಮುಗಿಯಿತೆಂದು ಭಾವಿಸುವುದು ಅಪಾಯ. ಹೆರಿಗೆಯಾದ ಮೂರರಿಂದ ಆರನೆಯ ದಿನದ ನಡುವೆ ಬಿಪಿ ಮತ್ತೆ ಏರುತ್ತದೆ, ಅದೂ ಮನೆಗೆ ಬಂದ ಹೊತ್ತಿಗೆ. ಮೊದಲ ವಾರಗಳಲ್ಲಿ ಫಿಟ್ಸ್ ಕೂಡ ಬರಬಹುದು. ಬಾಣಂತಿಯ ಕಿವಿಗೆ ಅರಳೆ ಇಟ್ಟು, ಕತ್ತಲೆ ಕೋಣೆಯಲ್ಲಿ ಮಲಗಿಸಿದಾಗ ‘ತಲಿ ನೋಯತೈತಿ’ ಎಂಬ ಮಾತನ್ನು ಥಂಡಿಯೆಂದು ತಳ್ಳಿಹಾಕಬಾರದು. ಕೊಟ್ಟ ಬಿಪಿ ಮಾತ್ರೆಯನ್ನು ಎದೆಹಾಲಿಗೆ ಆಗದೆಂದು ತಾವೇ ನಿಲ್ಲಿಸಬಾರದು. ಹಾಲೂಡಿಸುವವರಿಗೆ ಹೊಂದುವುದನ್ನೇ ವೈದ್ಯರು ಬರೆದಿರುತ್ತಾರೆ. ಆರನೆಯ ವಾರದಲ್ಲಿ ಒಮ್ಮೆ ತೋರಿಸಿ, ಆಮೇಲೆ ಬದುಕಿಡೀ ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಬೇಕು. ಈ ಬೇನೆ ಬಂದವರಿಗೆ ಮುಂದೆ ಹೃದ್ರೋಗ, ಪಾರ್ಶ್ವವಾಯು ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಮೂವತ್ತರ ವಯಸ್ಸಿನಲ್ಲೇ ಇದು ಗೊತ್ತಿದ್ದರೆ ಐವತ್ತಕ್ಕೆ ಬರುವುದನ್ನು ತಡೆಯಬಹುದು.

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ, ಮತ್ತೆ ಬಸುರಾದರೆ ಏನು ಎಂಬುದು. ಒಮ್ಮೆ ಗರ್ಭನಂಜು ಬಂದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಮುಂದಿನ ಬಸಿರಿನಲ್ಲಿ ಮರುಕಳಿಸುತ್ತದೆ. ಏಳೆಂಟು ತಿಂಗಳೊಳಗೇ ಬಂದು ಹೆರಿಗೆ ಮಾಡಿಸಬೇಕಾಗಿದ್ದರೆ ಸಂಭವ ಮೂರರಲ್ಲಿ ಒಂದರಷ್ಟು. ಇದನ್ನೇ ತಿರುಗಿಸಿ ಓದಬೇಕು: ಆರರಲ್ಲಿ ಐವರಿಗೆ ಮರಳುವುದಿಲ್ಲ, ಮರಳಿದವರಿಗೂ ಬಹುಮಟ್ಟಿಗೆ ತಡವಾಗಿ, ಸೌಮ್ಯವಾಗಿ ಬರುತ್ತದೆ. ಅವಸರ ಮಾತ್ರ ಬೇಡ. ಕೂಸು ಇದ್ದರೆ ಮುಂದಿನ ಬಸಿರಿಗೆ ಎರಡು ವರ್ಷ ಅಂತರ ಒಳ್ಳೆಯದು. ಕೂಸು ಕಳೆದುಕೊಂಡ ಮನೆಯಲ್ಲಿ ಮೂರನೆಯ ತಿಂಗಳಿಗೇ ‘ಏನಾರ ವಿಶೇಷ?’ ಎಂದು ಕೇಳತೊಡಗುವುದು ಕ್ರೌರ್ಯ. ಯಾವಾಗ ಎಂಬುದನ್ನು ಗಂಡಹೆಂಡತಿ ವೈದ್ಯರೊಡನೆ ಕೂತು ನಿರ್ಧರಿಸಬೇಕು.

ಬಸುರಾದ ಮೇಲೆ ಮೂರು ತಿಂಗಳೊಳಗೇ ಹೆಸರು ಬರೆಸಿ, ಹಿಂದಿನ ಕಾಗದ ತೋರಿಸಬೇಕು. ಇಂಥವರಿಗೆ ಮೂರನೆಯ ತಿಂಗಳ ಕೊನೆಯಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು ವೈದ್ಯರು ಬರೆಯುತ್ತಾರೆ. ತಡವಾಗಿ ಹೋದರೆ ಅದರ ಪ್ರಯೋಜನ ಕೈತಪ್ಪುತ್ತದೆ. ಚೊಚ್ಚಲ ಬಸುರಿಯರಿಗೆ ಇಂಥ ಮಾತ್ರೆ ಕೊಟ್ಟು ಆರು ದೇಶಗಳಲ್ಲಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವಧಿಗೆ ಮುನ್ನ ಆಗುವ ಹೆರಿಗೆ ನೂರಕ್ಕೆ 11ರಷ್ಟು ಕಡಿಮೆಯಾಯಿತು. ಬೆಳಗಾವಿಯ ತಾಯಂದಿರೂ ಅದರಲ್ಲಿದ್ದರು. ನಾಲ್ಕನೆಯ ತಿಂಗಳಿಂದ ದಿನಕ್ಕೆರಡು 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆಯನ್ನು ಸರ್ಕಾರವೇ ಕೊಡುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರ ತಪಾಸಣೆ ಇರುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರೇ ಮನೆಬಾಗಿಲಲ್ಲಿ ಬಿಪಿ ಅಳೆಯುವ ಕ್ಲಿಪ್ ಎಂಬ ಪ್ರಯೋಗ ಕೆಲವು ವರ್ಷಗಳ ಹಿಂದೆ ನಡೆಯಿತು. ಅವರು ಅದನ್ನು ಚೆನ್ನಾಗಿಯೇ ಮಾಡಬಲ್ಲರೆಂದು ಗೊತ್ತಾಯಿತು. ಆದರೆ ಒಟ್ಟಾರೆ ಸಾವು, ಗಂಡಾಂತರಗಳು ಅಷ್ಟರಿಂದಲೇ ಇಳಿಯಲಿಲ್ಲ. ಅಳೆದ ಮೇಲೆ ಮುಂದಿನ ಆಸ್ಪತ್ರೆಯಲ್ಲಿ ಹಾಸಿಗೆ, ರಕ್ತ, ವೈದ್ಯರು ಸಿಗಬೇಕು. ಅದು ಸರ್ಕಾರದ ಹೊಣೆ.

ಕುಬಸದ, ಅಂದರೆ ಸೀಮಂತದ, ವಿಷಯ ಇಲ್ಲೇ ಬರುತ್ತದೆ. ಹಿಂದಿನ ಸಲ ಕುಬಸ ಮಾಡಿದ್ದಕ್ಕೇ ಹೀಗಾಯಿತೆಂದು ಈ ಸಲ ಗುಟ್ಟಾಗಿ ಇಡುವ ಮನೆಗಳುಂಟು. ಕುಬಸ ಮಾಡುವುದು ಬಿಡುವುದು ಅವರವರ ಮನಸ್ಸು. ಬಸಿರನ್ನು ಆಶಾ ಕಾರ್ಯಕರ್ತೆಯಿಂದ ಮಾತ್ರ ಮುಚ್ಚಿಡಬಾರದು. ತವರಿಗೆ ಹೋಗುವಾಗ ತಾಯಿ ಕಾರ್ಡ್ ಜೊತೆಗೇ ಹೋಗಬೇಕು, ಆ ಊರಿನ ಆಶಾಗೆ ಮೊದಲೇ ಸುದ್ದಿ ಮುಟ್ಟಿರಬೇಕು.

ರಕ್ತಸ್ರಾವ ನಿಲ್ಲದೆ ಗರ್ಭಕೋಶ ತೆಗೆಸಿಕೊಂಡವರಿಗೆ ಈ ಮಾತೆಲ್ಲ ಅನ್ವಯಿಸುವುದಿಲ್ಲ. ‘ಇನ್ನೊಂದು ಮದುವಿ’ ಎಂಬ ಮಾತು ಅಂಥ ಮನೆಗಳಲ್ಲಿ ಬೇಗ ಬರುತ್ತದೆ. ಹಿರಿಯರು ಅದನ್ನು ಅಲ್ಲೇ ತಡೆಯಬೇಕು. ದತ್ತು ಬೇಕೆಂದವರು ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ಹೆಸರು ನೋಂದಾಯಿಸಬೇಕು. ಆಸ್ಪತ್ರೆಯ ಆವರಣದಲ್ಲಿ ಕೂಸು ಕೊಡಿಸುತ್ತೇವೆನ್ನುವವರನ್ನು ನಂಬಬಾರದು. ಮಕ್ಕಳಿಲ್ಲದೆಯೂ ಗಂಡಹೆಂಡತಿ ನೆಮ್ಮದಿಯಾಗಿರುವ ಮನೆಗಳು ಪ್ರತಿ ಊರಲ್ಲೂ ಇವೆ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಇಂಥ ಗಂಡಾಂತರ ದಾಟಿ ಬಂದವರು ಯಾರೇ ಇರಲಿ, ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ತಾಯಿ ಕಾರ್ಡನ್ನೂ ರೇಷನ್ ಕಾರ್ಡಿನ ಜೊತೆಗೇ ಜೋಪಾನ ಮಾಡಿ ಇಡಿ. ಮುಂದಿನ ಸಲ ವೈದ್ಯರಿಗೆ ಮೊದಲು ಬೇಕಾಗುವುದು ಅದೇ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಇನ್ನೊಂದು ಮಾತನ್ನೂ ಹೇಳಿಡಿ: ಇನ್ನು ಯಾರ ಮನೆಯಲ್ಲಾದರೂ ಹೀಗಾದರೆ ನನ್ನನ್ನು ಕರೆಯಿರಿ, ಬಂದು ಕೂಡುತ್ತೇನೆ.